"ಎಂಟಾಣೆ ಕಮ್ಮಿ ಆಗೈತವ್ವ": ನರ್ಸಿಂಗ್ ಆರೈಕೆ ಫಲ ಕೊಟ್ಟಿತೋ ಇಲ್ಲವೋ ಅಳೆಯುವುದು ಹೇಗೆ?

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನವಳು. ಪುಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮಲ್ಲಿ ಎನ್‌ಎಬಿಎಚ್ ಎಂಬ ಆಸ್ಪತ್ರೆ ಗುಣಮಟ್ಟ ಮಂಡಳಿಯ ಮಾನ್ಯತೆಗೆ ತಯಾರಿ ನಡೆದಿದೆ. ಇನ್ನು ಮೇಲೆ ನೋಟ್ಸ್‌ನಲ್ಲಿ ನಂದಾ, ಎನ್‌ಐಸಿ, ಎನ್‌ಒಸಿ ಎಂಬ ನರ್ಸಿಂಗ್ ಪದಪಟ್ಟಿಗಳ ಪದಗಳನ್ನೇ ಬಳಸಬೇಕು, ಆರೈಕೆಯಿಂದ ಏನು ಫಲ ಸಿಕ್ಕಿತು ಎಂದು ತೋರಿಸಬೇಕು ಅಂತ ಕ್ವಾಲಿಟಿ ವಿಭಾಗದವರು ಹೇಳುತ್ತಿದ್ದಾರೆ. 30 ಹಾಸಿಗೆಯ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ನಾವು ಮೂವರೇ. ಇದು ಸುಮ್ನೆ ಕಾಗದದ ಕೆಲಸ ಅಲ್ವಾ? ಪದ ಬದಲಾಯಿಸಿದರೆ ಆರೈಕೆ ಅಳೆದಂತೆ ಹೇಗಾಗುತ್ತದೆ? ಮಾಡಲೇಬೇಕು ಅಂತಿದ್ದರೆ ಎಲ್ಲಿಂದ ಶುರು ಮಾಡೋದು?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. "ನೋವು ಇದೆ" ಎಂದು ಬರೆಯುತ್ತಿದ್ದ ಕಡೆ "ಅಕ್ಯೂಟ್ ಪೇನ್" ಎಂದು ಬರೆದು ಪಕ್ಕದಲ್ಲಿ ಒಂದು ಕೋಡ್ ಹಾಕಿದರೆ ಅದು ಕಾಗದದ ಕೆಲಸವೇ. ರೋಗಿಗೂ ಲಾಭ ಇಲ್ಲ, ನಿಮಗೂ ಇಲ್ಲ. ಉಳಿದರ್ಧ ಹೇಳುವ ಮೊದಲು ಒಬ್ಬ ಅಜ್ಜನ ವಿಷಯ ಹೇಳುತ್ತೇನೆ.

ನಾನು ಪುಣೆಗೆ ಬಂದ ಹೊಸದು. ಸಾಂಗ್ಲಿ ಜಿಲ್ಲೆಯ ಜತ್ತದ ಕಡೆಯ ಅಜ್ಜ ಒಬ್ಬರು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ನಮ್ಮ ವಾರ್ಡಿನಲ್ಲಿದ್ದರು. ಮಧ್ಯಾಹ್ನದ ಪಾಳಿಯ ಮರಾಠಿ ಸಿಸ್ಟರ್ ಕೇಳಿದಾಗ "ತ್ರಾಸ್ ಆಹೆ", ಅಂದರೆ ತೊಂದರೆ ಇದೆ, ಅಂದಿದ್ದರು. ಆಕೆ "ಪೇನ್ ಪ್ರೆಸೆಂಟ್" ಎಂದು ಬರೆದರು. ರಾತ್ರಿ ಪಾಳಿಯ ಮಲಯಾಳಿ ಸಿಸ್ಟರ್ ಕೈಸನ್ನೆಯಲ್ಲಿ ಮಾತಾಡಿಸಿ "ಮೈಲ್ಡ್ ಡಿಸ್‌ಕಂಫರ್ಟ್" ಎಂದು ಬರೆದರು. ಬೆಳಗ್ಗೆ ನಾನು ಹೋಗಿ "ಹೆಂಗೈತ್ರಿ ಅಜ್ಜಾರ?" ಅಂದೆ. "ನಿನ್ನಿಗಿಂತ ಎಂಟಾಣೆ ಕಮ್ಮಿ ಆಗೈತವ್ವ" ಅಂದರು. ನಾನು ಏನು ಬರೆದೆ ಗೊತ್ತಾ? "ಪೇಷಂಟ್ ಕಂಫರ್ಟಬಲ್."

ಮೂರು ಪಾಳಿ, ಮೂರು ಮಾತು. ಆ ಮೂರನ್ನೂ ಓದಿದ ಯಾರಿಗೂ ಅಜ್ಜನ ನೋವು ಅರ್ಧಕ್ಕೆ ಇಳಿದಿದೆ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಆ ವಾರ್ಡಿನಲ್ಲಿ ಸರಿಯಾದ ಅಳತೆ ಇಟ್ಟುಕೊಂಡಿದ್ದವರು ಅಜ್ಜ ಒಬ್ಬರೇ. ರೂಪಾಯಿಗೆ ಹದಿನಾರಾಣೆ ಅನ್ನುವುದು ಅವರ ಕಾಲದವರಿಗೆಲ್ಲ ಗೊತ್ತಿದ್ದ ಲೆಕ್ಕ. ನಿನ್ನೆ ಎಷ್ಟಿತ್ತು ಅನ್ನುವುದು ಅವರಿಗೆ ನೆನಪಿತ್ತು. ಇವತ್ತು ಎಷ್ಟಿದೆ ಅಂತ ಅದೇ ಲೆಕ್ಕದಲ್ಲಿ ಹೇಳಿದರು. ಎಲ್ಲರಿಗೂ ಒಂದೇ ಅರ್ಥ ಕೊಡುವ ಅಳತೆ, ಮೊದಲ ಅಂಕಿ, ಆಮೇಲಿನ ಅಂಕಿ. ನಿಮ್ಮ ಕ್ವಾಲಿಟಿಯವರು ಹೇಳುತ್ತಿರುವ ಆ ಮೂರು ಪದಪಟ್ಟಿಗಳ ದಪ್ಪ ಪುಸ್ತಕಗಳು ಮಾಡಲು ಹೊರಟಿರುವುದೂ ಇದನ್ನೇ.

ಈಗ ಆ ಪುಸ್ತಕಗಳಿಗೆ ಬರೋಣ. 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ರಿಸ್ಟೀನ್ ಗೆಬಿ ಮತ್ತು ಮೇರಿ ಆನ್ ಲ್ಯಾವಿನ್ ಎಂಬ ಇಬ್ಬರು ನರ್ಸಿಂಗ್ ಶಿಕ್ಷಕಿಯರು ಒಂದು ಸಮಾವೇಶ ಕರೆದರು. ವೈದ್ಯರು ರೋಗಕ್ಕೆ ಹೆಸರಿಡುತ್ತಾರೆ, ನರ್ಸ್ ನೋಡಿಕೊಳ್ಳುವ ತೊಂದರೆಗೂ ಒಂದೊಂದು ಹೆಸರು ಬೇಡವೇ ಅನ್ನುವುದು ಅಲ್ಲಿನ ಪ್ರಶ್ನೆ. ಅದರಿಂದ ಹುಟ್ಟಿದ್ದು ನಂದಾ, ಅಂದರೆ ಆ ತೊಂದರೆಗಳ ಹೆಸರು. ಆಮೇಲೆ ಅಯೋವಾ ವಿಶ್ವವಿದ್ಯಾಲಯದವರು 1992ರಲ್ಲಿ ಎನ್‌ಐಸಿ ತಂದರು, ಅಂದರೆ ನರ್ಸ್ ಮಾಡುವ ಕೆಲಸಗಳ ಹೆಸರು. 1997ರಲ್ಲಿ ಎನ್‌ಒಸಿ ಬಂತು, ಅಂದರೆ ಆ ಕೆಲಸದಿಂದ ರೋಗಿಯಲ್ಲಿ ಏನಾಯಿತು ಅನ್ನುವುದರ ಹೆಸರು ಮತ್ತು ಅಳತೆ. ತೊಂದರೆ ಏನು, ನಾವು ಏನು ಮಾಡಿದೆವು, ಏನಾಯಿತು. ಇಷ್ಟೇ. ಈ ಯೋಚನೆ ಇನ್ನೂ ಹಳೆಯದು. 1860ರಲ್ಲಿ ಲಂಡನ್ನಿನ ಅಂಕಿಅಂಶ ಸಮಾವೇಶಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಅವರು ಎಲ್ಲ ಆಸ್ಪತ್ರೆಗಳಿಗೂ ಒಂದೇ ಬಗೆಯ ಫಾರ್ಮು ಬೇಕು ಎಂಬ ಯೋಜನೆ ಕೊಟ್ಟಿದ್ದರು. ಒಂದೊಂದು ಆಸ್ಪತ್ರೆ ಒಂದೊಂದು ಹೆಸರಲ್ಲಿ ರೋಗ ಬರೆದರೆ ಹೋಲಿಸುವುದು ಹೇಗೆ ಅನ್ನುವುದು ಅವರ ತಕರಾರು. ದೀಪ ಹಿಡಿದ ಚಿತ್ರ ಎಲ್ಲ ನರ್ಸಿಂಗ್ ಕಾಲೇಜಿನ ಗೋಡೆಯ ಮೇಲೂ ಇದೆ. ಫಾರ್ಮು ಹಿಡಿದ ಚಿತ್ರ ಒಂದೂ ನೋಡಿಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಏನಾಗುತ್ತದೆ ಅಂದರೆ, ಎಲ್ಲರೂ ಮೊದಲನೆಯದಕ್ಕೇ ಸಿಕ್ಕಿಕೊಳ್ಳುತ್ತಾರೆ. ನಂದಾ ಪಟ್ಟಿಯಲ್ಲಿ ಸರಿಯಾದ ಡಯಾಗ್ನೋಸಿಸ್ ಹುಡುಕುವುದರಲ್ಲೇ ಅರ್ಧ ಪಾಳಿ ಹೋಗುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಹ್ಯಾಂಡೋವರ್ ಟೈಮು. ಆಗ "ಗೋಲ್ ಪಾರ್ಷಿಯಲಿ ಮೆಟ್" (ಗುರಿ ಅರ್ಧಂಬರ್ಧ ಮುಟ್ಟಿತು) ಎಂದು ಬರೆದು ಸಹಿ ಹಾಕುವುದು. ನಾನೂ ವರ್ಷಗಟ್ಟಲೆ ಅದನ್ನೇ ಬರೆದಿದ್ದೇನೆ. ನನ್ನ ಸಲಹೆ ಉಲ್ಟಾ: ಮೂರನೆಯದರಿಂದ ಶುರು ಮಾಡಿ. ಡಯಾಗ್ನೋಸಿಸ್ ಪದ ಒಂದಿಷ್ಟು ಆಚೀಚೆ ಆದರೂ ನಡೆಯುತ್ತದೆ. ಮೊದಲ ಅಂಕಿ ಇಲ್ಲದಿದ್ದರೆ ಅಳತೆ ನಡೆಯುವುದಿಲ್ಲ.

ಎನ್‌ಒಸಿ ಕೆಲಸ ಮಾಡುವ ರೀತಿ ಸರಳ. "ನೋವು ಕಡಿಮೆ ಆಗುತ್ತದೆ" ಅನ್ನುವುದು ಆಸೆ. ಎನ್‌ಒಸಿ ಆಸೆ ಬರೆಯುವುದಿಲ್ಲ. ಅದು "ಪೇನ್ ಲೆವೆಲ್" ಅನ್ನುತ್ತದೆ, ಅಂದರೆ ನೋವಿನ ಮಟ್ಟ. ಅದು ಮೇಲೂ ಹೋಗಬಹುದು, ಕೆಳಗೂ ಬರಬಹುದು. ಅದರ ಕೆಳಗೆ ಕೆಲವು ಗುರುತುಗಳಿವೆ: ರೋಗಿ ಹೇಳುವ ನೋವು, ನರಳುವುದು, ಮುಖ ಕಿವುಚುವುದು, ಚಡಪಡಿಕೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕಿ. 1 ಅಂದರೆ ತೀವ್ರ, 5 ಅಂದರೆ ಏನೂ ಇಲ್ಲ. ಎಲ್ಲ ಗುರುತುಗಳನ್ನೂ ತುಂಬಬೇಕಿಲ್ಲ, ಆ ರೋಗಿಗೆ ಹೊಂದುವ ಮೂರ್ನಾಲ್ಕು ಸಾಕು. ಆರೈಕೆ ಶುರುವಾಗುವ ಮೊದಲೇ ಅಂಕಿ ಹಾಕಬೇಕು. ಎಲ್ಲಿಗೆ ಮುಟ್ಟಿಸಬೇಕು ಅಂತಲೂ ಆಗಲೇ ಬರೆಯಬೇಕು. ಮತ್ತೆ ಯಾವಾಗ ನೋಡುತ್ತೇವೆ ಅಂತಲೂ. ಆ ಅಜ್ಜನಿಗೆ ಇದನ್ನು ಮಾಡಿದ್ದರೆ, ಮೊದಲ ದಿನ 2, ಮರುದಿನ ಬೆಳಗ್ಗೆಗೆ 4 ಗುರಿ ಎಂದು ಇಡಬಹುದಿತ್ತು. ಬೆಳಗ್ಗೆ 3 ಸಿಕ್ಕಿತು ಅಂದುಕೊಳ್ಳಿ. ಆಗ "ಒಂದು ಮೆಟ್ಟಿಲು ಏರಿದೆ, ಇನ್ನೊಂದು ಬಾಕಿ ಇದೆ, ಯಾಕೆ?" ಎಂದು ಕೇಳಬಹುದು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಲು ಕಲಿಸಿದ್ದೇವಾ? ನಡೆಸುವ ಅರ್ಧ ಗಂಟೆ ಮೊದಲು ನೋವಿನ ಔಷಧಿ ಸಿಗುತ್ತಿದೆಯಾ? "ಕಂಫರ್ಟಬಲ್" ಎಂದು ಬರೆದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ಹುಷಾರು. ನಾವು ದಿನವೂ ಬಳಸುವ ಅಳತೆಗಳ ದಿಕ್ಕು ಒಂದೇ ಅಲ್ಲ. ನೋವಿನ 0ರಿಂದ 10ರ ಅಳತೆಯಲ್ಲಿ ಅಂಕಿ ಏರಿದರೆ ಕೆಟ್ಟದ್ದು. ಎನ್‌ಒಸಿಯಲ್ಲಿ ಏರಿದರೆ ಒಳ್ಳೆಯದು. ಒತ್ತಡದ ಹುಣ್ಣಿನ ಅಪಾಯ ನೋಡುವ ಬ್ರೇಡನ್ ಸ್ಕೇಲ್ 6ರಿಂದ 23ರವರೆಗೆ ಹೋಗುತ್ತದೆ, ಅದರಲ್ಲೂ ಏರಿದರೆ ಒಳ್ಳೆಯದು, 18 ಅಥವಾ ಕಡಿಮೆ ಬಂದರೆ ಅಪಾಯ. ಬೀಳುವ ಅಪಾಯ ನೋಡುವ ಮೋರ್ಸ್ ಸ್ಕೇಲ್‌ನಲ್ಲಿ ಏರಿದಷ್ಟೂ ಅಪಾಯ ಜಾಸ್ತಿ. ರೋಗಿಯ ಎಚ್ಚರದ ಮಟ್ಟ ನೋಡುವ ಗ್ಲಾಸ್ಗೋ ಕೋಮಾ ಸ್ಕೇಲ್ 3ರಿಂದ 15, ಏರಿದರೆ ಒಳ್ಳೆಯದು. ನಿದ್ದೆಗಣ್ಣಿನಲ್ಲಿ ನಾಲ್ಕು ಗಂಟೆಗೆ ಇವನ್ನೆಲ್ಲ ತುಂಬುವಾಗ ತಲೆ ಕೆಡದೆ ಇರುತ್ತದೆಯೇ? ಒಂದು ಸಲ ನನ್ನ ವಿದ್ಯಾರ್ಥಿನಿ ಹತ್ತರಲ್ಲಿ 4 ನೋವು ಇದ್ದವರಿಗೆ ಎನ್‌ಒಸಿಯಲ್ಲೂ 4 ಎಂದು ನಕಲು ಮಾಡಿದ್ದಳು. ಫಾರ್ಮಿನ ಪ್ರಕಾರ ಆ ರೋಗಿಗೆ ನೋವು ಬಹುತೇಕ ಇಲ್ಲ! ಅಂಕಿಯ ಪಕ್ಕದಲ್ಲಿ ಅದರ ಅರ್ಥ ಒಂದು ಪದದಲ್ಲಿ ಛಾಪಿಸಿರಲೇಬೇಕು ಎಂದು ಫಾರ್ಮು ಮಾಡುವವರಿಗೆ ಹೇಳಿ. ಬರೀ ಅಂಕಿಯ ಚೌಕ ಕೊಟ್ಟರೆ ಒಪ್ಪಬೇಡಿ.

ಈಗ ನಿಮ್ಮ ವಾರ್ಡಿಗೆ ನೇರವಾಗಿ ತಟ್ಟುವ ವಿಷಯ, ಒತ್ತಡದ ಹುಣ್ಣು. ನಾವು ಬೆಡ್‌ಸೋರ್ ಅನ್ನುತ್ತೇವೆ. ಪದ ಒಂದೇ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಳೆ ಕೇಸ್‌ಪೇಪರ್ ತೆಗೆದು ನೋಡಿ. ಒಬ್ಬರು "ರೆಡ್‌ನೆಸ್" ಎಂದಿರುತ್ತಾರೆ, ಇನ್ನೊಬ್ಬರು "ಸ್ಕಿನ್ ಪೀಲಿಂಗ್", ಮತ್ತೊಬ್ಬರು "ಸ್ಮಾಲ್ ವೂಂಡ್ ಓವರ್ ಬ್ಯಾಕ್". ಮೂರೂ ಒಂದೇ ಜಾಗವೋ ಬೇರೆ ಬೇರೆಯೋ, ಬೆಳೆಯಿತೋ ಮಾಗಿತೋ, ದೇವರಿಗೇ ಗೊತ್ತು.

ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಆದ ಒಬ್ಬರು ಬಂದರು. ಐದನೇ ದಿನ ಮೈ ಒರೆಸುವಾಗ ಬೆನ್ನಿನ ಕೆಳಗೆ ಹುಣ್ಣು ಕಾಣಿಸಿತು. ಮನೆಯವರು ಇಲ್ಲೇ ಆಯಿತು ಅಂದರು. ನಾವು ಮನೆಯಿಂದಲೇ ಬಂತು ಅಂದೆವು. ದಾಖಲಾದ ದಿನದ ನೋಟ್ಸ್ ತೆಗೆದರೆ ಅಲ್ಲಿದ್ದದ್ದು ನಮ್ಮ ಅಮರವಾಕ್ಯ: "ಜಿಸಿ ಫೇರ್, ವೈಟಲ್ಸ್ ಸ್ಟೇಬಲ್, ಡ್ಯೂ ಮೆಡಿಸಿನ್ಸ್ ಗಿವನ್." ಅಂದರೆ ಒಟ್ಟು ಸ್ಥಿತಿ ಪರವಾಗಿಲ್ಲ, ನಾಡಿ-ಬಿಪಿ ಸರಿ ಇದೆ, ಔಷಧಿ ಕೊಟ್ಟಾಯಿತು. ಬೆನ್ನು ನೋಡಿದ್ದೆವಾ? ನೋಡಿದ್ದೆವು, ನನಗೆ ನೆನಪಿದೆ, ಮಗ್ಗುಲು ಹೊರಳಿಸಿದ್ದು ನಾನೇ. ಚರ್ಮ ಸರಿ ಇತ್ತು. ಬರೆದಿರಲಿಲ್ಲ. ಚೆನ್ನಾಗಿದ್ದುದನ್ನು ಯಾಕೆ ಬರೆಯಬೇಕು ಅನ್ನುವ ಉಡಾಫೆ. ಹಾಗಾಗಿ ಆ ಹುಣ್ಣು ನಮ್ಮದೇ ಅನ್ನುವುದನ್ನೂ ಒಪ್ಪಿಕೊಳ್ಳಲಿಲ್ಲ, ಮುಂದಿನವರಿಗೆ ಏನು ಬದಲಾಯಿಸಬೇಕು ಅಂತಲೂ ಕಲಿಯಲಿಲ್ಲ. ಜಗಳ ಆಯಿತು, ಬಿಲ್ಲಿನಲ್ಲಿ ಒಂದಿಷ್ಟು ಕಡಿತ ಆಯಿತು, ಮುಗಿಯಿತು.

ಅದಕ್ಕೇ ಹೇಳುವುದು, ದಾಖಲಾದ ದಿನವೇ ಚರ್ಮ ನೋಡಿ, ಸರಿ ಇದ್ದರೆ "ಸರಿ ಇದೆ" ಎಂದೇ ಬರೆಯಿರಿ. ಹುಣ್ಣು ಇದ್ದರೆ ಅದರ ಹಂತ ಬರೆಯಿರಿ. ಒಂದನೇ ಹಂತ ಅಂದರೆ ಚರ್ಮ ಒಡೆದಿಲ್ಲ, ಕೆಂಪಾಗಿದೆ, ಬೆರಳಿಂದ ಒತ್ತಿ ಬಿಟ್ಟರೂ ಆ ಕೆಂಪು ಬಿಳಿಚಿಕೊಳ್ಳುವುದಿಲ್ಲ. ನಮ್ಮ ಜನರ ಮೈಬಣ್ಣದಲ್ಲಿ ಕೆಂಪು ಕಾಣುವುದೇ ಕಷ್ಟ. ಕೈ ಇಟ್ಟು ನೋಡಬೇಕು: ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ನೋಯುತ್ತದೆಯಾ. ಎರಡನೇ ಹಂತದಲ್ಲಿ ಮೇಲಿನ ಪದರ ಹೋಗಿರುತ್ತದೆ. ಮೂರರಲ್ಲಿ ಕೊಬ್ಬು ಕಾಣುತ್ತದೆ. ನಾಲ್ಕರಲ್ಲಿ ಸ್ನಾಯು, ಎಲುಬಿನವರೆಗೆ. ಮೇಲೆ ಕಪ್ಪು ಹಕ್ಕಳೆ ಕೂತು ತಳ ಕಾಣದಿದ್ದರೆ ಅದಕ್ಕೆ ಹಂತ ಹೇಳಲಾಗದು ಎಂಬ ಬೇರೆ ಹೆಸರೇ ಇದೆ, ಊಹೆ ಮಾಡಿ ಮೂರು ಎಂದು ಬರೆಯಬಾರದು. ಒದ್ದೆ ಡೈಪರ್‌ನಿಂದ ಸುಲಿದ ಚರ್ಮವನ್ನು ಎರಡನೇ ಹಂತದ ಒತ್ತಡದ ಹುಣ್ಣು ಎಂದು ಬರೆಯುವುದು ಬಹಳ ಸಾಮಾನ್ಯ ತಪ್ಪು. ಅದಕ್ಕೆ ಬೇಕಾದ ಆರೈಕೆ ಬೇರೆ. ತಪ್ಪು ಹೆಸರು ಬರೆದು ಏರ್ ಬೆಡ್ ಹಾಕಿದರೆ ಒದ್ದೆ ಹಾಗೇ ಉಳಿಯುತ್ತದೆ. 2016ರಲ್ಲಿ ಅಮೆರಿಕದ ಪರಿಣತರ ಸಮಿತಿ "ಅಲ್ಸರ್" ಪದವನ್ನೇ ಬಿಟ್ಟು "ಪ್ರೆಶರ್ ಇಂಜುರಿ" ಎಂದು ಬದಲಾಯಿಸಿತು, ಒಂದನೇ ಹಂತದಲ್ಲಿ ಹುಣ್ಣೇ ಇರುವುದಿಲ್ಲವಲ್ಲ, ಅದಕ್ಕೆ. ಮೊದಲು ನನಗಿದು ಅತಿ ಅನ್ನಿಸಿತ್ತು. ಆಮೇಲೆ ನೋಡಿದರೆ, ಚರ್ಮ ಒಡೆಯುವ ಮೊದಲೇ ವರದಿ ಮಾಡಲು ಆ ಪದ ಧೈರ್ಯ ಕೊಡುತ್ತದೆ.

ಹೆಸರು ಒಂದಾದ ಮೇಲೆ ವಾರ್ಡಿನ ಲೆಕ್ಕ ಸಾಧ್ಯ. ನಿಮ್ಮ 30 ಹಾಸಿಗೆಯಲ್ಲಿ ದಿನಕ್ಕೆ ಸರಾಸರಿ 25 ಜನ ಇದ್ದಾರೆ ಅನ್ನಿ. ತಿಂಗಳಿಗೆ 25 ಗುಣಿಸು 30, ಅಂದರೆ 750 ರೋಗಿ-ದಿನ. ಆ ತಿಂಗಳು ವಾರ್ಡಿನಲ್ಲೇ ಹೊಸದಾಗಿ 3 ಹುಣ್ಣು ಆದರೆ, 1000 ರೋಗಿ-ದಿನಕ್ಕೆ 4. ಎನ್‌ಎಬಿಎಚ್‌ನವರು ಕೇಳುವ ಅಂಕಿ ಈ ಜಾತಿಯದು. ಮನೆಯಿಂದ ಬಂದದ್ದು ಇದರಲ್ಲಿ ಸೇರುವುದಿಲ್ಲ, ಹಾಗಾಗಿಯೇ ದಾಖಲಾದ ದಿನದ ನೋಟ್ಸ್‌ಗೆ ಅಷ್ಟು ಬೆಲೆ.

ಇನ್ನೊಂದು ಮಾತು ನಿಮ್ಮ ಮೇಟ್ರನ್‌ಗೆ ಈಗಲೇ ಹೇಳಿಬಿಡಿ. ಸರಿಯಾದ ಪದ ಬಳಸಲು ಶುರು ಮಾಡಿದ ಮೊದಲ ಎರಡು ಮೂರು ತಿಂಗಳು ಈ ಅಂಕಿ ಏರುತ್ತದೆ. ಆರೈಕೆ ಕೆಟ್ಟಿರುವುದಿಲ್ಲ. ಮೊದಲು "ರೆಡ್‌ನೆಸ್" ಎಂದು ಬರೆದು ಬಿಡುತ್ತಿದ್ದದ್ದು ಈಗ ಎಣಿಕೆಗೆ ಬರುತ್ತದೆ, ಅಷ್ಟೇ. ಆಗ ಮೇಲಿನವರು ಗಾಬರಿಯಾಗಿ ಮೆಮೊ ಕೊಟ್ಟರೆ, ನಾಲ್ಕನೇ ತಿಂಗಳು ಅಂಕಿ ಪಟ್ಟನೆ ಇಳಿಯುತ್ತದೆ. ಹುಣ್ಣು ಇಳಿದಿರುವುದಿಲ್ಲ, ಬರೆಯುವುದು ನಿಂತಿರುತ್ತದೆ.

ಅಂಕಿ ಹಾಕುವವರ ನಡುವೆ ಎಷ್ಟು ಹೊಂದಾಣಿಕೆ ಇದೆ ಅನ್ನುವುದನ್ನೂ ಪರೀಕ್ಷಿಸಬೇಕು. ಕಷ್ಟ ಏನಿಲ್ಲ. ಹತ್ತು ರೋಗಿಗಳನ್ನು ಆರಿಸಿ. ನೀವು ಮತ್ತು ನಿಮ್ಮ ಜೊತೆಗಾತಿ ಒಬ್ಬರಿಗೊಬ್ಬರು ತೋರಿಸದೆ ಅಂಕಿ ಹಾಕಿ. ಆಮೇಲೆ ಚಹಾ ಕುಡಿಯುತ್ತಾ ಹೋಲಿಸಿ. ಹತ್ತರಲ್ಲಿ ಐದೇ ಹೊಂದಿದರೆ ಬೇಸರ ಬೇಡ, ಉಳಿದ ಐದರಲ್ಲಿ ಯಾಕೆ ಬೇರೆ ಬಂತು ಎಂದು ಮಾತಾಡಿ. ನಾವು ಹೀಗೆ ಮಾಡಿದಾಗ ಒಬ್ಬರು ಮಲಗಿದ್ದ ರೋಗಿಯನ್ನು ಕೇಳಿದ್ದರು, ಇನ್ನೊಬ್ಬರು ಎದ್ದು ಕೂರಿಸಿ ಕೇಳಿದ್ದರು. ನೋವು ಬೇರೆ ಬರದೆ ಏನಾದೀತು? "ಕುಳಿತು ಕೆಮ್ಮಿಸಿದ ಮೇಲೆ ಕೇಳುವುದು" ಎಂದು ಫಾರ್ಮಿನ ಮೇಲೆ ಪೆನ್ನಿನಲ್ಲಿ ಬರೆದೆವು. ಸಂಶೋಧನೆ ಮಾಡುವವರು ಕಪ್ಪಾ ಎಂಬ ಲೆಕ್ಕ ಹಾಕುತ್ತಾರೆ, ಸುಮ್ನೆ ಅದೃಷ್ಟದಿಂದ ಹೊಂದಿದ್ದನ್ನು ಕಳೆಯಲು. ವಾರ್ಡಿಗೆ ಚಹಾ ಸಾಕು.

ನಂದಾ ಗುಂಪಿನ ಪುಸ್ತಕ ಮಾತ್ರವೇ ದಾರಿ ಅಂದುಕೊಳ್ಳಬೇಡಿ. ನನಗೆ ಹೆಚ್ಚು ಇಷ್ಟವಾದದ್ದು ಒಮಾಹಾ ಪದ್ಧತಿ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ ಊರಿನಲ್ಲಿ ಮನೆಮನೆಗೆ ಹೋಗುತ್ತಿದ್ದ ನರ್ಸ್‌ಗಳ ಸಂಸ್ಥೆ 1970ರ ದಶಕದಲ್ಲಿ ಕಟ್ಟಿದ್ದು. 42 ತೊಂದರೆಗಳ ಪಟ್ಟಿ, ಅದರಲ್ಲಿ ದೇಹದ್ದು ಮಾತ್ರ ಅಲ್ಲ, ಆದಾಯ, ಮನೆಯ ಸ್ಥಿತಿ, ನೆರೆಹೊರೆ ಕೂಡ ಸೇರಿವೆ. ಪ್ರತಿ ತೊಂದರೆಗೂ ಮೂರು ಅಂಕಿ, ಒಂದೊಂದೂ 1ರಿಂದ 5: ರೋಗಿಗೆ ಎಷ್ಟು ಗೊತ್ತಿದೆ, ಎಷ್ಟು ಮಾಡುತ್ತಾರೆ, ಸ್ಥಿತಿ ಹೇಗಿದೆ. ತಿಳಿವಳಿಕೆ, ನಡವಳಿಕೆ, ಸ್ಥಿತಿ. ಈ ಮೂರನ್ನು ಬಿಡಿಸಿ ನೋಡುವುದರಲ್ಲೇ ಇದರ ಜಾಣತನ ಇದೆ.

ಪಿಂಪ್ರಿ-ಚಿಂಚವಾಡದ ಕಡೆ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಬಹಳ. ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸಿಗೆ ಇನ್ಸುಲಿನ್ ಬರೆದುಕೊಟ್ಟಿದ್ದರು. ಮೊದಲ ಭೇಟಿಯಲ್ಲಿ ಔಷಧಿ ತೆಗೆದುಕೊಳ್ಳುವ ವಿಷಯದಲ್ಲಿ ಆಕೆಗೆ ತಿಳಿವಳಿಕೆ 2, ನಡವಳಿಕೆ 2, ಸ್ಥಿತಿ 2. ವಿದ್ಯಾರ್ಥಿಗಳು ಕನ್ನಡದಲ್ಲೇ, ಚಿತ್ರ ತೋರಿಸಿ, ಚೆನ್ನಾಗಿ ಕಲಿಸಿದರು. ಮೂರು ವಾರದ ಮೇಲೆ ತಿಳಿವಳಿಕೆ 4 ಆಗಿತ್ತು. ಸೂಜಿ ಚುಚ್ಚುವುದನ್ನು ನನಗೇ ಪಾಠ ಮಾಡುವಷ್ಟು. ನಡವಳಿಕೆ ಮಾತ್ರ 2ರಲ್ಲೇ ಕೂತಿತ್ತು. ಒಂದೇ ಅಂಕಿ ಹಾಕುವ ಪದ್ಧತಿ ಆಗಿದ್ದರೆ "ಸುಧಾರಣೆ ಇಲ್ಲ, ಮತ್ತೆ ಕಲಿಸಿ" ಎಂದು ಬರೆದು ಬರುತ್ತಿದ್ದೆವು. ಗೊತ್ತಿದ್ದೂ ಮಾಡುತ್ತಿಲ್ಲ ಅಂದರೆ ಕಾರಣ ಬೇರೆ ಕಡೆ ಇರಬೇಕು ಅಲ್ವಾ? ಕೂತು ಮಾತಾಡಿಸಿದೆವು. ಶೆಡ್ಡಿನಲ್ಲಿ ಫ್ರಿಜ್ ಇಲ್ಲ. ಬೇಸಿಗೆ, ತಗಡಿನ ಮೇಲ್ಛಾವಣಿ. ಇನ್ಸುಲಿನ್ ಬಾಟಲಿಯನ್ನು ಕಿರಾಣಿ ಅಂಗಡಿಯವರ ಫ್ರಿಜ್‌ನಲ್ಲಿ ಇಟ್ಟಿದ್ದಳು. ಕೆಲಸ ಬಿಟ್ಟು ಬರುವ ಹೊತ್ತಿಗೆ ಅಂಗಡಿಗೆ ಬಾಗಿಲು. ರಾತ್ರಿಯ ಡೋಸು ದಿನವೂ ತಪ್ಪುತ್ತಿತ್ತು. ಎರಡು ಮಣ್ಣಿನ ಮಡಕೆ, ನಡುವೆ ಒದ್ದೆ ಮರಳು, ಒಳಗೆ ಡಬ್ಬಿಯಲ್ಲಿ ಬಾಟಲಿ. ಮುಂದಿನ ಭೇಟಿಗೆ ನಡವಳಿಕೆ 4. ಸ್ಥಿತಿ 3ಕ್ಕೆ ಬರಲು ಇನ್ನೂ ಸ್ವಲ್ಪ ಸಮಯ ಹಿಡಿಯಿತು. ನಾವು ಮನೆಯ ಸ್ಥಿತಿ ಅನ್ನುವ ಇನ್ನೊಂದು ತೊಂದರೆಯನ್ನೂ ಆಕೆಯ ಹೆಸರಲ್ಲಿ ತೆರೆದೆವು. ಮೂರು ಅಂಕಿ ಇದ್ದಿದ್ದರಿಂದ ಮಡಕೆಯವರೆಗೆ ಹೋದೆವು.

ಎಲ್ಲ ರೋಗಿಯಲ್ಲೂ ಅಂಕಿ ಏರಲೇಬೇಕು ಅಂತಿಲ್ಲ. ಕೊನೆಯ ಹಂತದ ಕ್ಯಾನ್ಸರ್ ಇರುವವರ ಚರ್ಮ ಎನ್‌ಒಸಿ ಅಳತೆಯಲ್ಲಿ 4ರಲ್ಲಿದ್ದು ಎರಡು ವಾರದ ಮೇಲೂ 4ರಲ್ಲೇ ಉಳಿದರೆ ಬದಲಾವಣೆ ಸೊನ್ನೆ. ಆದರೆ ಆ ಸೊನ್ನೆಯ ಹಿಂದೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ಮೂರು ಪಾಳಿಗಳ ಬೆವರು ಇದೆ. ಹಾಗಾಗಿ ಗುರಿ ಬರೆಯುವಾಗಲೇ "4ರಲ್ಲಿ ಕಾಯುವುದು" ಎಂದು ಬರೆಯಿರಿ. ವರ್ಜೀನಿಯಾ ಸಾಬಾ ಅವರು ಮಾಡಿದ ಸಿಸಿಸಿ ಎಂಬ ಇನ್ನೊಂದು ಪದ್ಧತಿಯಲ್ಲಿ ಫಲಿತಾಂಶಕ್ಕೆ ಮೂರೇ ಪದ: ಸುಧಾರಿಸಿತು, ಸ್ಥಿರವಾಯಿತು, ಹದಗೆಟ್ಟಿತು. ಸ್ಥಿರ ಅನ್ನುವುದಕ್ಕೆ ಅದರಲ್ಲಿ ಮರ್ಯಾದೆಯ ಜಾಗ ಇದೆ. ಸಣ್ಣ ನರ್ಸಿಂಗ್ ಹೋಮಿಗೆ ಇದು ಸಾಕು ಅಂತ ನನ್ನ ಅಭಿಪ್ರಾಯ.

ಇನ್ನು, ಏರಿದ ಅಂಕಿ ಯಾರ ಪುಣ್ಯ? ನೋವು ಇಳಿದದ್ದು ಡಾಕ್ಟರ್ ಬರೆದ ಔಷಧಿಯಿಂದಲೋ, ಫಿಸಿಯೋದವರಿಂದಲೋ, ರಾತ್ರಿಯಿಡೀ ಪಕ್ಕದಲ್ಲಿ ಕೂತ ಮಗಳಿಂದಲೋ? ಒಬ್ಬ ರೋಗಿಯ ಮಟ್ಟದಲ್ಲಿ ಇದನ್ನು ಬಿಡಿಸಿ ಹೇಳಲು ಆಗುವುದಿಲ್ಲ, ಹೇಳಿದರೆ ಸುಳ್ಳು. ಅದಕ್ಕೇ ನರ್ಸಿಂಗ್‌ನ ಫಲ ಅಳೆಯಲು ನಮ್ಮ ಕೈ ಹೆಚ್ಚು ಆಡುವ ವಿಷಯಗಳನ್ನೇ ಆರಿಸುತ್ತಾರೆ: ಚರ್ಮ, ಬೀಳುವುದು, ನೋವು, ಕ್ಯಾಥೆಟರ್ ಸೋಂಕು, ಮನೆಗೆ ಹೋಗುವ ಮುಂಚಿನ ತಿಳಿವಳಿಕೆ. ಮತ್ತು ಏನು ಮಾಡಿದೆವು ಅನ್ನುವುದನ್ನೂ ಎಲ್ಲರೂ ಒಂದೇ ಪದದಲ್ಲಿ ಬರೆದಿದ್ದರೆ ಮಾತ್ರ, ನೂರು ರೋಗಿಗಳಾದ ಮೇಲೆ, ಯಾವುದು ಮಾಡಿದ ಕಡೆ ಅಂಕಿ ಏರಿತು ಎಂದು ನೋಡಬಹುದು.

ನಿಮ್ಮ ಮೂವರ ರಾತ್ರಿ ಪಾಳಿಯ ಮಾತೂ ಇಲ್ಲೇ ಬರುತ್ತದೆ. 2014ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಯೂರೋಪಿನ 9 ದೇಶಗಳ ಆಸ್ಪತ್ರೆಗಳನ್ನು ನೋಡಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ 7% ಹೆಚ್ಚಾಗುತ್ತದೆ. ಹಾಗಾಗಿ ವಾರ್ಡಿನ ಹುಣ್ಣಿನ ಲೆಕ್ಕ ಮೀಟಿಂಗಿಗೆ ಹೋಗುವಾಗ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಹೋಗಲಿ: ಆ ತಿಂಗಳು ಪ್ರತಿ ಪಾಳಿಯಲ್ಲಿ ಎಷ್ಟು ನರ್ಸ್, ಎಷ್ಟು ರೋಗಿ. ನರ್ಸ್ ಕಡಿಮೆ ಇದ್ದ ವಾರವೇ ಹುಣ್ಣು ಹೆಚ್ಚಾಗಿದ್ದರೆ ಅದು ಕಣ್ಣಿಗೆ ಹೊಡೆಯುತ್ತದೆ. "ಸ್ಟಾಫ್ ಸಾಲುತ್ತಿಲ್ಲ ಮೇಡಂ" ಎಂದು ನಾವು ವರ್ಷಾನುಗಟ್ಟಲೆ ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಹೋಗಿಲ್ಲ. ಆ ಎರಡು ಸಾಲು ಹೋಗಬಹುದು. ಅಂಕಿಯನ್ನು ಒಬ್ಬೊಬ್ಬ ನರ್ಸ್ ಹೆಸರಿಗೆ ಕಟ್ಟಿ ಇನ್‌ಕ್ರಿಮೆಂಟ್‌ಗೆ ಜೋಡಿಸುವ ಮಾತು ಬಂದರೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಮರುದಿನದಿಂದ ಎಲ್ಲ ಫಾರ್ಮಿನಲ್ಲೂ 4 ಮತ್ತು 5 ಮಾತ್ರ ಇರುತ್ತವೆ.

ಪುಸ್ತಕ, ಸಾಫ್ಟ್‌ವೇರ್ ವಿಷಯ ಚಿಕ್ಕದಾಗಿ. ನಂದಾ, ಎನ್‌ಐಸಿ, ಎನ್‌ಒಸಿಗೆ ಹಕ್ಕುದಾರರಿದ್ದಾರೆ, ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಹಾಕಲು ಪರವಾನಗಿ ಬೇಕು. ಆವೃತ್ತಿ ಬದಲಾದಾಗ ಕೆಲವು ಹೆಸರುಗಳೂ ಬದಲಾಗುತ್ತವೆ, ಹಾಗಾಗಿ ಯಾವ ಆವೃತ್ತಿ ಎಂದು ಫಾರ್ಮಿನ ಮೂಲೆಯಲ್ಲಿ ಬರೆದಿರಲಿ. ಒಮಾಹಾ ಉಚಿತ. ಅಂತರರಾಷ್ಟ್ರೀಯ ನರ್ಸ್‌ಗಳ ಪರಿಷತ್ತು ಮಾಡಿದ ಐಸಿಎನ್‌ಪಿ ಎಂಬ ಪದಪಟ್ಟಿ ಈಗ ಸ್ನೋಮೆಡ್ ಸಿಟಿ ಎಂಬ ದೊಡ್ಡ ವೈದ್ಯಕೀಯ ಪದಕೋಶದ ಜೊತೆ ಸೇರಿಕೊಂಡಿದೆ. ಭಾರತ 2014ರಿಂದ ಅದರ ಸದಸ್ಯ ದೇಶ, ಹಾಗಾಗಿ ಇಲ್ಲಿನ ಆಸ್ಪತ್ರೆಗಳು ಅದನ್ನು ದುಡ್ಡು ಕೊಡದೆ ಬಳಸಬಹುದು. ಅದನ್ನು ದೇಶದಲ್ಲಿ ನೋಡಿಕೊಳ್ಳುವ ಕೇಂದ್ರ ಎಲ್ಲಿದೆ ಗೊತ್ತಾ? ನಿಮ್ಮ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲೇ. ನಿಮ್ಮ ಐಟಿಯವರು ಒಂದು ರಿಕ್ಷಾ ಹಿಡಿದರೆ ಸಾಕು.

ಎಲ್ಲಿಂದ ಶುರು ಅಂತ ಕೇಳಿದ್ದೀರಿ. ಒಂದೇ ವಿಷಯ ಹಿಡಿಯಿರಿ, ಚರ್ಮ ಅಥವಾ ನೋವು. ಒಂದೇ ವಾರ್ಡು. ಆರು ವಾರ. ದಾಖಲಾದಾಗ ಒಂದು ಅಂಕಿ, ಗುರಿ ಒಂದು ಅಂಕಿ, 24 ಗಂಟೆಗೆ ಒಂದು, ಮನೆಗೆ ಹೋಗುವಾಗ ಒಂದು. ಅಷ್ಟನ್ನೇ ಒಂದು ಪುಟದ ಮೇಲಿನ ಮೂಲೆಯಲ್ಲಿ ಹಾಕಿಸಿ. ಅದಕ್ಕೆ ಬದಲಾಗಿ "ಜಿಸಿ ಫೇರ್" ಸಾಲನ್ನು ತೆಗೆದುಹಾಕಲು ಅನುಮತಿ ಕೇಳಿ. ಹೊಸದು ಸೇರಿಸುವಾಗ ಹಳೆಯದೊಂದು ಹೋಗದಿದ್ದರೆ ನಿಮ್ಮ ಕಾಗದದ ದೂರು ನೂರಕ್ಕೆ ನೂರು ನಿಜವಾಗುತ್ತದೆ.

ಮತ್ತು ಆ ಮೂಲೆಯಲ್ಲಿ, ಅಂಕಿಯ ಪಕ್ಕ, ರೋಗಿ ಹೇಳಿದ ಮಾತಿಗೆ ಅರ್ಧ ಸಾಲು ಜಾಗ ಬಿಡಿಸಿ. ನೋವಿಗೆ ಇಂಡಿಯವರು "ಬ್ಯಾನಿ" ಅಂದರೆ ಬ್ಯಾನಿ, ಸೋಲಾಪುರದವರು "ಠಣಕಾ" ಅಂದರೆ ಠಣಕಾ, ಹಾಗೇ ಬರೆಯಿರಿ. ಮಲಯಾಳಿ ಸಿಸ್ಟರ್‌ಗೆ 3 ಅರ್ಥವಾಗುತ್ತದೆ, ನಿಮಗೆ ಎಂಟಾಣೆ ಅರ್ಥವಾಗುತ್ತದೆ.